ಆಯಿಯ ಮೊಣಕಾಲು, ಕೂಸಿನ ಹೊಟ್ಟೆ ಮತ್ತು ಕೊಲ್ಹಾಪುರ!

ಚಿತ್ರರಸಿಕ ಮಿತ್ರರೇ, ತೇರದಾಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಿನೆಮಾ ಪತ್ರಿಕೆ ಕೊಳ್ಳುವ ಹುಡುಗನನ್ನು "ಯಾವ ಊರು ನೋಡಬೇಕಂತೀಯೋ ತಮ್ಮಾ?" ಎಂದು ಕೇಳಿ ನೋಡಿ. ಉತ್ತರ ಗೊತ್ತಿದ್ದದ್ದೇ. ಬೆಂಗಳೂರು! ಗಾಂಧಿನಗರ! ಕಂಠೀರವ ಸ್ಟುಡಿಯೋದಲ್ಲಿ ಅಣ್ಣಾವ್ರ ಸಮಾಧಿ, ಅಲ್ಲೇ ಅಪ್ಪು ಸಮಾಧಿ! ಆದರೆ ಮನೆಯಲ್ಲಿ ಹೊರಡುವ ಆರ್ಡರೇ ಬೇರೆ. "ಆಯಿನ್ನ ಕೊಲ್ಲಾಪುರಕ್ಕ ಕರಕೊಂಡು ಹೋಗಬೇಕು. ಹುಡುಗೂರನೂ ಕರಕೊಳ್ಳೂಣು. ಎಲ್ಲಾ ನೀನ ನೋಡ್ಕೋ." ಅಲ್ಲಿಗೆ ಹೀರೋ ಆಗಬೇಕಾದವ ಚೀಲ ಹೊರುವ ಸೈಡ್ ರೋಲ್‌ಗೆ ಇಳಿದ!

ಮುಖ ಸಣ್ಣ ಮಾಡಬೇಡಿ. ಒಂದು ಸಂಗತಿ ಹೇಳುತ್ತೇನೆ ಕೇಳಿ. ತೆರೆ ಕಂಡ ಮೊಟ್ಟಮೊದಲ ಕನ್ನಡ ಮಾತಿನ ಚಿತ್ರ 'ಸತಿ ಸುಲೋಚನ'. ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು 1934ರ ಮಾರ್ಚ್ 3ರಂದು. ಆದರೆ ಅದರ ಶೂಟಿಂಗ್ ನಡೆದದ್ದು ಬೆಂಗಳೂರಿನಲ್ಲಿ ಅಲ್ಲ, ಮೈಸೂರಿನಲ್ಲೂ ಅಲ್ಲ. ಕೊಲ್ಹಾಪುರದಲ್ಲಿ! ಛತ್ರಪತಿ ಸ್ಟುಡಿಯೋದಲ್ಲಿ! ಅಂದಮೇಲೆ ಆಯಿಗೆ ಮಹಾಲಕ್ಷ್ಮಿ, ಮಕ್ಕಳಿಗೆ ರೈಲು, ನಮಗೆ ಕನ್ನಡ ಸಿನೆಮಾದ ತೊಟ್ಟಿಲು. ಒಂದೇ ಟಿಕೀಟಿನಲ್ಲಿ ಮೂರು ಆಟ!

ನಮ್ಮ ಮುಖ ಯಾವ ಕಡೆಗೆ?

ದಕ್ಷಿಣದ ಓದುಗರಿಗಾಗಿ ಒಂದು ಮಾತು. ತೇರದಾಳ ಈಗ ಬಾಗಲಕೋಟೆ ಜಿಲ್ಲೆಯ ಊರು. ಅಲ್ಲಮಪ್ರಭುವಿನ ಗುಡಿಯ ಊರು. 1123ರಲ್ಲಿ ಗೊಂಕನೆಂಬ ಮಾಂಡಲಿಕ ನೇಮಿನಾಥನಿಗೆ ಬಸದಿ ಕಟ್ಟಿಸಿದ ಊರು. ಸ್ವಾತಂತ್ರ್ಯ ಬರುವ ತನಕ ಇದು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಹೀಗಾಗಿ ನಮ್ಮ ಹಿರಿಯರ ಮುಖ ಬೆಂಗಳೂರಿನ ಕಡೆಗಿಂತ ಮಿರಜ್-ಸಾಂಗಲಿ-ಕೊಲ್ಹಾಪುರದ ಕಡೆಗೇ ತಿರುಗಿದ್ದು ಹೆಚ್ಚು. ಜಡ್ಡಾದರೆ ಮಿರಜ್ ದವಾಖಾನಿ. ಅರಿಷಿಣ ಮಾರಬೇಕಾದರೆ ಸಾಂಗಲಿ ಪೇಟೆ. ಹರಕೆ ಇದ್ದರೆ ಕೊಲ್ಹಾಪುರದ ಅಂಬಾಬಾಯಿ. ಎಷ್ಟೋ ಕನ್ನಡ ಮನೆತನಗಳಿಗೆ ಅವಳೇ ಕುಲದೇವತೆ. ನಮ್ಮ ಆಯಿಗೆ ಮರಾಠಿ ಬರುತ್ತದೆ, ನನಗೆ ಬರುವುದಿಲ್ಲ. ದೇಶ ಸುತ್ತಿದವನು ನಾನಂತೆ!

ತಾರಾಗಣ

ನಮ್ಮ ಮನೆಯ ತಾರಾಗಣ ನಿಮ್ಮ ಮನೆಯದಕ್ಕಿಂತ ಬೇರೆ ಇರಲಾರದು. ಆಯಿಗೆ ಎಪ್ಪತ್ತೆಂಟು ದಾಟಿದೆ, ಎರಡೂ ಮೊಣಕಾಲು ನೋವು. ಅಪ್ಪ, ಅವ್ವ. ಅಣ್ಣ, ಅತ್ತಿಗೆ. ಅಣ್ಣನ ಮಕ್ಕಳಿಬ್ಬರು: ಆರು ವರ್ಷದ ಹುಡುಗಿ, ಮೂರು ವರ್ಷದ ಹುಡುಗ. ಎಂಟನೆಯವನು ನಾನು.

ಒಬ್ಬೊಬ್ಬರದು ಒಂದೊಂದು ಆಸೆ. ಆಯಿಗೆ ಅಂಬಾಬಾಯಿಗೆ ಉಡಿ ತುಂಬಬೇಕು. ಮದುವೆಯಾದ ಹೊಸದರಲ್ಲಿ ಹೋಗಿದ್ದವಳು ಮತ್ತೆ ಹೋಗಿಲ್ಲ. ಅಪ್ಪನಿಗೆ ಕುಸ್ತಿಯ ಹುಚ್ಚು. ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ನೋಡಬೇಕು. ಅವ್ವನಿಗೆ ಚಪ್ಪಲಿ, ಅತ್ತಿಗೆಗೆ ಸೀರೆ. ಹುಡುಗಿಗೆ ರೈಲು. ಸಣ್ಣವನಿಗೆ ಏನು ಬೇಕೆಂದು ಅವನಿಗೇ ಗೊತ್ತಿಲ್ಲ, ಆದರೆ ಈಗಲೇ ಬೇಕು!

ಅಣ್ಣನ ಮಗ್ಗ ನಿಂತರೆ ಎರಡು ದಿನದ ಗಳಿಕೆ ಹೋಯಿತು. ಅದಕ್ಕೇ ಅವನು ಪ್ರತಿ ಸಲ "ಮುಂದಿನ ವರ್ಷ ನೋಡೂಣು" ಎನ್ನುತ್ತಿದ್ದ. ಈ ಸಲ ಆಯಿ ಒಲೆ ಮುಂದಿನಿಂದಲೇ ಹೇಳಿದಳು: "ಮುಂದಿನ ವರ್ಷ ಅನ್ನೂದು ನಿಮ್ಮ ವಯಸ್ಸಿನವರ ಲೆಕ್ಕ. ನನ್ನ ಲೆಕ್ಕ ಬ್ಯಾರೆ ಐತಿ."

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿದ. ಅಲ್ಲಿಂದ ಪ್ಲಾನು ಶುರು.

ಮೊದಲು ತಾರೀಖು, ಆಮೇಲೆ ಟಿಕೀಟು

ಇಂಥ ಪ್ರವಾಸಕ್ಕೆ ಒಂದೇ ಸೂತ್ರ. ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರ ಕಾಲಿನ ಲೆಕ್ಕದಲ್ಲಿ ದಾರಿ ಹಾಕಬೇಕು. ಎಲ್ಲರಿಗಿಂತ ಬೇಗ ಹಸಿಯುವವರು ಯಾರೋ ಅವರ ಹೊಟ್ಟೆಯ ಲೆಕ್ಕದಲ್ಲಿ ವೇಳೆ ಹಾಕಬೇಕು. ನಡುವಿನವರು ನಾವು ಹೇಗೂ ಹೊಂದಿಕೊಳ್ಳುತ್ತೇವೆ.

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬೇಡ. ದೇವಿಯ ವಾರಗಳು, ಮಂದಿ ಜಾಸ್ತಿ. ನವರಾತ್ರಿಯಂತೂ ಮುದುಕರನ್ನೂ ಕೂಸುಗಳನ್ನೂ ಕರೆದೊಯ್ಯುವ ಕಾಲವೇ ಅಲ್ಲ. ವರ್ಷಕ್ಕೆರಡು ಸಲ ಅಲ್ಲಿ ಕಿರಣೋತ್ಸವ ಇರುತ್ತದೆ: ಜನವರಿ 31, ಫೆಬ್ರುವರಿ 1 ಮತ್ತು 2, ನವೆಂಬರ್ 9, 10, 11. ಮುಳುಗುವ ಸೂರ್ಯನ ಬಿಸಿಲು ಮಹಾದ್ವಾರದಿಂದ ಒಳಗೆ ಹಾಯ್ದು ಮೊದಲ ದಿನ ದೇವಿಯ ಪಾದಕ್ಕೆ, ಮರುದಿನ ಎದೆಗೆ, ಮೂರನೆಯ ದಿನ ಮುಖಕ್ಕೆ ಬೀಳುವ ಲೆಕ್ಕ. ಮೋಡ ಬಂದರೆ ಇಲ್ಲ. ನಮ್ಮ ಕ್ಯಾಮೆರಾಮನ್‌ಗಳು ಸಾವಿರ ವ್ಯಾಟಿನ ದೀಪ ಹಚ್ಚಿ ಮಾಡುವ ಕೆಲಸವನ್ನು ಆ ಕಾಲದ ಶಿಲ್ಪಿ ಕಲ್ಲಿನಲ್ಲೇ ಮಾಡಿಟ್ಟಿದ್ದಾನೆ! ನೋಡುವಂಥದ್ದೇ ಸರಿ, ಆದರೆ ಒಬ್ಬರೇ ಹೋದಾಗ ನೋಡಿ. ಆಯಿ ಜೊತೆಗಿದ್ದರೆ ಬುಧವಾರ, ಗುರುವಾರವೇ ಚೆಂದ.

ಮಳೆಗಾಲವೂ ಬೇಡ. 2019ರ ಆಗಸ್ಟ್ ಮತ್ತು 2021ರ ಜುಲೈ ನೆನಪಿದೆಯಲ್ಲ? ಕೃಷ್ಣೆ ನಮ್ಮ ಹೊಲ ನುಂಗಿದಾಗಲೇ ಪಂಚಗಂಗೆ ಕೊಲ್ಹಾಪುರಕ್ಕೆ ನುಗ್ಗಿತ್ತು. ಬೆಂಗಳೂರು-ಪುಣೆ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಬೇಸಿಗೆಯಲ್ಲಿ ಗುಡಿಯಂಗಳದ ಕಲ್ಲು ಕಾದು ಕೂಸಿನ ಕಾಲು ಸುಡುತ್ತದೆ. ಡಿಸೆಂಬರ್, ಜನವರಿ ಸರಿಯಾದ ಕಾಲ. ನಾವು ಹೋದದ್ದೂ ಜನವರಿಯಲ್ಲೇ, ಬುಧವಾರ ಹೋಗಿ ಶುಕ್ರವಾರ ಬೆಳಗಿನಲ್ಲಿ ಹೊರಟುಬಂದೆವು.

ಜೀಪೋ, ರೈಲೋ?

ಅಣ್ಣ ಜೀಪು ಮಾಡೋಣ ಎಂದ. ಎಂಟು ಮಂದಿಗೆ ಹಂಚಿದರೆ ದುಬಾರಿಯೇನಲ್ಲ, ಮನೆ ಬಾಗಿಲಿನಿಂದ ಗುಡಿ ಬಾಗಿಲಿಗೆ. ಆದರೆ ಮಡಚಿದ ಮೊಣಕಾಲು ಮೂರು ತಾಸು ಹಾಗೇ ಇದ್ದರೆ ಆಯಿ ಇಳಿಯುವಾಗ ನಿಲ್ಲಲಾರಳು. ಸಣ್ಣವನಿಗೆ ಗಾಡಿಯಲ್ಲಿ ವಾಂತಿ. ರೈಲಿನಲ್ಲಾದರೆ ಕಾಲು ಚಾಚಬಹುದು, ನಾಲ್ಕು ಹೆಜ್ಜೆ ಆಡಬಹುದು, ಪಾಯಖಾನೆ ಇದೆ. ರೈಲೇ ಗೆದ್ದಿತು.

ತೇರದಾಳದಿಂದ ಹಾರೂಗೇರಿ ಮೇಲೆ ಹಾಯ್ದು ಕುಡಚಿ ಸ್ಟೇಶನ್. ಇಲ್ಲಿಯ ತನಕ ನಮ್ಮ ಸರಕಾರಿ ಬಸ್ಸು. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟು ಪುಕ್ಕಟೆ, ಆಧಾರ್ ಕಾರ್ಡ್ ಮರೆಯಬಾರದು ಅಷ್ಟೆ. ಆಯಿ ಝೀರೋ ಟಿಕೀಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಯಾಕೆ ಎಂದರೆ "ಪುಕ್ಕಟೆ ಕೊಟ್ಟಿದ್ದು ಒಗೀಬಾರದು" ಅಂದಳು!

ರೈಲಿನ ಲೆಕ್ಕ ಬೇರೆ. ಐದು ವರ್ಷದೊಳಗಿನ ಕೂಸಿಗೆ ಟಿಕೀಟು ಬೇಡ. ಐದರಿಂದ ಹನ್ನೆರಡರ ಒಳಗಿನವರಿಗೆ ಸಾದಾ ಬೋಗಿಯಲ್ಲಿ ಅರ್ಧ. ರಿಸರ್ವೇಶನ್ ಮಾಡಿಸಿ ಮಗುವಿಗೇ ಬರ್ತು ಬೇಕೆಂದರೆ 2016ರಿಂದ ಪೂರ್ತಿ ಹಣ. ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು. ಅದನ್ನು ನಂಬಿ ರೊಕ್ಕ ಲೆಕ್ಕ ಹಾಕಬೇಡಿ. ಗಾಡಿಗಳ ವೇಳೆ ಆಗಾಗ ಬದಲಾಗುತ್ತದೆ. ಹಿಂದಿನ ದಿನ ವಿಚಾರಿಸಿಕೊಂಡೇ ಹೊರಡಿ.

ಕುಡಚಿ ಬಿಟ್ಟ ಸ್ವಲ್ಪ ಹೊತ್ತಿಗೆ ಕೃಷ್ಣಾ ನದಿಯ ಸೇತುವೆ. ಧಡ್ ಧಡ್ ಧಡ್! ಆಯಿ ಒಂದು ರೂಪಾಯಿ ನಾಣ್ಯ ನದಿಗೆ ಎಸೆದು ಕೈಮುಗಿದಳು. ಹುಡುಗಿ ಕಿಟಕಿಯಲ್ಲಿ ಮುಖವಿಟ್ಟು ಕಿರುಚಿದಳು. ನನ್ನ ತಲೆಯಲ್ಲಿ ಬೇರೆಯೇ ರೀಲು ಓಡುತ್ತಿತ್ತು. ಬೆಂಗಳೂರಿನಿಂದ ಕೊಲ್ಹಾಪುರಕ್ಕೆ ರೈಲುದಾರಿ ಎಂದರೆ ಹುಬ್ಬಳ್ಳಿ, ಬೆಳಗಾವಿ, ಕುಡಚಿ, ಮಿರಜ್. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ, ಲಕ್ಷ್ಮೀಬಾಯಿ... ಆ ತಂಡ ರೈಲಿನಲ್ಲೇ ಬಂದಿದ್ದರೆ ಈ ಸೇತುವೆಯನ್ನೇ ದಾಟಿರಬೇಕು! ನಮ್ಮ ಹೊಲಗಳ ಪಕ್ಕದಿಂದಲೇ ಕನ್ನಡ ಸಿನೆಮಾ ಹಾಯ್ದು ಹೋಯಿತೆಂದರೆ ಮೈ ಜುಮ್ಮೆನ್ನುವುದಿಲ್ಲವೇ?

ಮುಂದೆ ಉಗಾರದ ಸಕ್ಕರೆ ಕಾರ್ಖಾನೆಯ ವಾಸನೆ, ಶೇಡಬಾಳ, ಆಮೇಲೆ ಮಿರಜ್ ಜಂಕ್ಷನ್. ಇಲ್ಲಿ ಗಾಡಿ ಬದಲಿಸಬೇಕಾದರೆ ನಡುವೆ ಒಂದು ತಾಸಾದರೂ ಇರಲಿ. ಮೆಟ್ಟಿಲು ಹತ್ತಲಾರದವರಿದ್ದರೆ ಸ್ಟೇಶನ್ ಮಾಸ್ತರರ ಕಡೆಗೆ ಗಾಲಿಕುರ್ಚಿ ಕೇಳಿ. ಕೇಳಲು ನಾಚಿಕೆ ಬೇಡ. "ನಾ ಏನ್ ಹೆಳವಿ ಅಲ್ಲ" ಎಂದು ಆಯಿ ಸಿಟ್ಟಾದಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಳ್ಳಿದ ಮೇಲೆ ನಗತೊಡಗಿದಳು. ಮಿರಜ್‌ನಿಂದ ಕೊಲ್ಹಾಪುರ ಸುಮಾರು ಐವತ್ತು ಕಿಲೋಮೀಟರು.

ಚೀಲದಲ್ಲಿ ಏನಿರಬೇಕು?

ಎರಡು ದಿನ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಕ್ಕಳಿಗೆ ಬಾಳೆಹಣ್ಣು, ಬೇಳೆ-ಅಕ್ಕಿ ಹುರಿದು ಮಾಡಿದ ಹಿಟ್ಟು. ಬಿಸಿನೀರು ಸಿಕ್ಕರೆ ಗಂಜಿ ತಯಾರು. ಕೊಲ್ಹಾಪುರದ ಮಿಸಳ್ ಅಂದರೆ ಬೆಂಕಿ! ನೀವು ತಿನ್ನಿರಿ, ಮಕ್ಕಳಿಗೆ ತೋರಿಸಲೂ ಬೇಡಿ. ಆಯಿಯ ಗುಳಿಗೆಗಳು ಒಂದೇ ಚೀಲದಲ್ಲಿರದೆ ಇಬ್ಬರ ಕಡೆ ಅರ್ಧರ್ಧ ಇರಲಿ. ಒಂದು ಚೀಲ ಕಳೆದರೂ ಜೀವಕ್ಕೆ ಆಧಾರ. ಡಾಕ್ಟರ ಚೀಟಿ ಜೊತೆಗಿರಲಿ. ಪ್ರತಿ ಮಗುವಿನ ಅಂಗಿ ಕಿಸೆಯಲ್ಲಿ ತಂದೆಯ ಫೋನ್ ನಂಬರಿನ ಚೀಟಿ. ಆಯಿಯ ಕಿಸೆಯಲ್ಲೂ! ಗದ್ದಲದಲ್ಲಿ ಕಳೆಯುವವರು ಮಕ್ಕಳು ಮಾತ್ರ ಅಲ್ಲ.

ಲಾಡ್ಜಿನ ವಿಷಯ. ಫೋನಿನಲ್ಲಿ ಕೇಳಬೇಕಾದ ಮಾತು ಮೂರು: ಕೆಳಗಿನ ಮಜಲಿನ ಖೋಲಿ ಇದೆಯೇ? ಕುರ್ಚಿ ಕಮೋಡು ಇದೆಯೇ? ಗುಡಿಗೆ ಎಷ್ಟು ಹೆಜ್ಜೆ? ಒಂದು ಲಾಡ್ಜಿನವರು ಫೋನಿನಲ್ಲಿ "ಎಲ್ಲಾ ಐತಿ, ಬರ್ರಿ" ಎಂದವರು, ಹೋದ ಮೇಲೆ ಮೂರನೆಯ ಮಜಲಿನ ಕೀಲಿಕೈ ಕೊಟ್ಟರು. ಲಿಫ್ಟು ಇಲ್ಲ! ಅಪ್ಪ ಬಾಯಿ ಮಾಡಲಿಲ್ಲ. ಆಯಿಯನ್ನು ಕೌಂಟರಿನ ಎದುರಿನ ಸೋಫಾದ ಮೇಲೆ ಕೂರಿಸಿ, "ಇಕಿನ್ನ ನೀವ ಎತ್ತಿ ಮ್ಯಾಲ ಒಯ್ಯಿರಿ" ಎಂದ. ಹತ್ತು ನಿಮಿಷದಲ್ಲಿ ಕೆಳಗಿನ ಖೋಲಿ ಖಾಲಿಯಾಯಿತು!

ಎಲ್ಲರಿಗೂ ಎರಡು ತಾಸು

ಮನೆಯಲ್ಲೇ ಒಪ್ಪಂದವಾಗಿತ್ತು. ಒಬ್ಬೊಬ್ಬರ ಆಸೆಗೆ ಎರಡು ತಾಸು. ಬರುವವರು ಬರಲಿ, ಬಾರದವರು ಖೋಲಿಯಲ್ಲಿ ಮಕ್ಕಳನ್ನು ಮಲಗಿಸಲಿ. ಮಧ್ಯಾಹ್ನ ಒಂದರಿಂದ ನಾಲ್ಕು ಎಲ್ಲರಿಗೂ ಇಂಟರ್‌ವಲ್, ಕಡ್ಡಾಯ!

ಗುಡಿಗೆ ನಸುಕಿನಲ್ಲೇ ಹೋದೆವು. ಮಂದಿ ಕಡಿಮೆ, ಕಲ್ಲು ತಂಪು. ಆಯಿ ಕರಿಕಲ್ಲಿನ ಕಂಬ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟಳು. ಹಸಿರು ಖಣ, ಅಕ್ಕಿ, ಕೊಬ್ಬರಿ, ಐದು ಬಳೆ, ಇಷ್ಟೇ ಉಡಿ. ದೇವಿಯ ಮುಂದೆ ನಿಂತದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆತು. ಇನ್ನ ಹುಡುಗೂರಿಗೆ ಏನರೆ ತಿನಸ್ರಿ" ಎಂದಳು. ಕಟ್ಟೆಯ ಮೇಲೆ ಅವಳಿಗೆ ಬೇಕಾದಷ್ಟು ಹೊತ್ತು ಕೂರಲು ಬಿಡಿ. ಮುಂದಿನ ಕಾರ್ಯಕ್ರಮಕ್ಕೆ ಅವಸರ ಮಾಡಬೇಡಿ. ಇಷ್ಟು ದೂರ ಬಂದದ್ದು ಇದಕ್ಕೇ.

ಮಕ್ಕಳಿಗೆ ನ್ಯೂ ಪ್ಯಾಲೇಸ್. 1884ರಲ್ಲಿ ಮುಗಿದ ಅರಮನೆ. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಹುಲಿ, ಕರಡಿಗಳ ಒಣಗಿಸಿದ ಒಡಲುಗಳು, ಕತ್ತಿ-ಬಂದೂಕುಗಳು. ಸಣ್ಣವ ಹುಲಿ ಕಂಡು ಅಣ್ಣನ ಕೊರಳಿಗೆ ಜೋತುಬಿದ್ದ. ಊರಿನ ಹೊರಗೆ ಕನ್ನೇರಿಯ ಸಿದ್ಧಗಿರಿ ಮಠದಲ್ಲಿ ಹಳ್ಳಿಯ ಜೀವನವನ್ನೆಲ್ಲ ಆಳೆತ್ತರದ ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ: ಬಡಿಗ, ಕುಂಬಾರ, ನೇಕಾರ, ಒಕ್ಕುವ ಕಣ. ಅಲ್ಲಿ ಗೈಡು ಬೇಡ, ಆಯಿಯೇ ಗೈಡು! "ಇದರ ಮುಂದ ಕುಂತ ನಿನ್ನ ಮುತ್ತ್ಯಾ ನನಗ ಸೀರಿ ನೇದು ಕೊಟ್ಟಿದ್ದ" ಎಂದು ಮಗ್ಗದ ಗೊಂಬೆ ತೋರಿಸಿದಾಗ ಅಣ್ಣನೂ ನಿಂತು ಕೇಳಿದ.

ಚಪ್ಪಲಿ ಕೊಳ್ಳುವವರಿಗೆ ಒಂದು ಗುಟ್ಟು. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಮುದ್ರೆ ಸಿಕ್ಕಿರುವುದು ಎಂಟು ಜಿಲ್ಲೆಗಳಿಗೆ. ನಾಲ್ಕು ಅವರವು. ಉಳಿದ ನಾಲ್ಕು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಅಂದರೆ ನಮ್ಮವು! 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದೇ ಚಪ್ಪಲಿಯನ್ನು ಮಿಲಾನಿನ ಶೋದಲ್ಲಿ ಹೆಸರೇ ಹೇಳದೆ ತೋರಿಸಿ ಬೈಸಿಕೊಂಡದ್ದು ನೀವು ಓದಿರಬಹುದು. ಅವ್ವ ಚೌಕಾಸಿ ಮಾಡಿ ಕೊಂಡ ಜೋಡು ಅಥಣಿ ಕಡೆಯದೆಂದು ಅಂಗಡಿಯವನೇ ಹೇಳಿದ. ಮನೆ ಪಕ್ಕದ ಚಪ್ಪಲಿಗೆ ರೈಲಿನ ಖರ್ಚು!

ನನ್ನ ಎರಡು ತಾಸು

ಕೊನೆಯ ಪಾಳಿ ನನ್ನದು. ಮಿತ್ರರೇ, ಈ ಊರಿನ ಮಣ್ಣಿನಲ್ಲೇ ಸಿನೆಮಾ ಇದೆ. ಬಾಬೂರಾವ್ ಪೇಂಟರ್ ಎಂಬ ಚಿತ್ರಕಾರ ಇಲ್ಲಿ ಕ್ಯಾಮೆರಾ ತಾನೇ ಮಾಡಿಕೊಂಡು ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದ. ಮೂಕಿ ಚಿತ್ರ 'ಸೈರಂಧ್ರಿ' 1920ರಲ್ಲಿ ಬಂತು. ಅವನ ಗರಡಿಯ ಹುಡುಗ ವಿ. ಶಾಂತಾರಾಮ್. ಆತ ಗೆಳೆಯರೊಂದಿಗೆ 1929ರಲ್ಲಿ ಇಲ್ಲೇ ಪ್ರಭಾತ್ ಕಂಪನಿ ಆರಂಭಿಸಿದ, 1933ರಲ್ಲಿ ಅದು ಪುಣೆಗೆ ಹೋಯಿತು. ಮೊದಲ ಮರಾಠಿ ಟಾಕಿ 'ಅಯೋಧ್ಯೇಚಾ ರಾಜಾ' 1932ರಲ್ಲಿ ತಯಾರಾದದ್ದೂ ಇಲ್ಲೇ. ಭಾಲ್ಜಿ ಪೆಂಢಾರ್ಕರ್ ಅವರ ಜಯಪ್ರಭಾ ಸ್ಟುಡಿಯೋ ಉಳಿಯಲಿ ಎಂದು 2022ರಲ್ಲಿ ಊರಿನ ಕಲಾವಿದರು ಧರಣಿ ಕೂತಿದ್ದರು. ಗುಡಿಯಿಂದ ದೂರವಿಲ್ಲದ ಖರಿ ಕಾರ್ನರ್‌ನಲ್ಲಿ ಬಾಬೂರಾವ್ ನೆನಪಿಗೆ ಕ್ಯಾಮೆರಾ ಸ್ತಂಭವಿದೆ. ನೋಡಿಬನ್ನಿ, ಟೋಪಿ ಇದ್ದರೆ ತೆಗೆಯಿರಿ.

ಇಂಥ ಊರಿಗೇ ನಮ್ಮವರು ಬಂದದ್ದು. ಆಗ ಬೆಂಗಳೂರಿನಲ್ಲಿ ಟಾಕಿ ತೆಗೆಯುವ ಸ್ಟುಡಿಯೋ ಇರಲಿಲ್ಲ. ಚಮನ್‌ಲಾಲ್ ಡುಂಗಾಜಿ ಹಣ ಹಾಕಿದರು, ವೈ.ವಿ. ರಾವ್ ನಿರ್ದೇಶಿಸಿದರು, ಸಂಭಾಷಣೆ ಬೆಳ್ಳಾವೆ ನರಹರಿಶಾಸ್ತ್ರಿಗಳದು. ನಾಯ್ಡು ಇಂದ್ರಜಿತ್, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸ್ಟುಡಿಯೋ ಎಲ್ಲಿತ್ತೆಂದು ಹುಡುಕುತ್ತ ಮುದುಕಿ-ಮಕ್ಕಳನ್ನು ಗಲ್ಲಿಗಲ್ಲಿ ತಿರುಗಿಸಬೇಡಿ. ನಾನು ಮಾಡಿದ್ದಿಷ್ಟೆ: ಸಂಜೆ ಎಲ್ಲರೂ ರಂಕಾಳಾ ಕೆರೆಯ ಕಟ್ಟೆಯ ಮೇಲೆ ಕೂತು ಭೇಳ್ ತಿನ್ನುವಾಗ ಈ ಕಥೆ ಹೇಳಿದೆ.

"ಸುಲೋಚನಾ ಅಂದರ ಇಂದ್ರಜಿತುನ ಹೇಣತೆಲ್ಲೋ?" ಎಂದಳು ಆಯಿ. ಸಣ್ಣಾಕಿ ಇದ್ದಾಗ ಊರ ದೊಡ್ಡಾಟದಲ್ಲಿ ಬೆಳಗಾಗುವ ತನಕ ಕೂತು ನೋಡಿದ್ದಳಂತೆ. ಅಲ್ಲಿಂದ ಅವಳೇ ಶುರು ಮಾಡಿದಳು. ಲಕ್ಷ್ಮಣನ ಬಾಣಕ್ಕೆ ಕಡಿದ ಇಂದ್ರಜಿತುವಿನ ತೋಳು ಹಾರಿ ಬಂದು ಸುಲೋಚನೆಯ ಅಂಗಳದಲ್ಲಿ ಬಿದ್ದದ್ದು. ನಂಬದ ಹೆಂಡತಿಗೆ ಆ ಕೈಯೇ ಬರೆದು ಸುದ್ದಿ ತಿಳಿಸಿದ್ದು. ಗಂಡನ ತಲೆ ಕೇಳಲು ಅವಳು ಒಬ್ಬಳೇ ರಾಮನ ಪಾಳೆಯಕ್ಕೆ ನಡೆದದ್ದು.

"ಕಡದ ಕೈ ಬರೀತೈತೇನ ಆಯೀ?" ಹುಡುಗಿ ಕಣ್ಣರಳಿಸಿದಳು.

"ಹೇಳೂದು ಬಾಕಿ ಇದ್ದರ ಬರೀತೈತಿ" ಎಂದಳು ಆಯಿ.

ಭೇಳ್ ಮೆತ್ತಗಾಯಿತು, ಯಾರೂ ತಿನ್ನಲಿಲ್ಲ. ಅವ್ವನಿಗೂ ಈ ಕಥೆ ಪೂರ್ತಿ ಗೊತ್ತಿರಲಿಲ್ಲ. ಮೊದಲ ಕನ್ನಡ ಟಾಕಿಯ ರೀಲು ಎಲ್ಲೋ ಹಾಳಾಗಿ ಹೋಯಿತು. ಆದರೆ ಅದು ಚಿತ್ರವಾದ ಊರಿನಲ್ಲೇ ಅದರ ಕಥೆ ಒಂದು ಸಂಜೆ ನಮ್ಮ ಮನೆಯ ಮಕ್ಕಳ ಮುಂದೆ ಓಡಿತು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಾಡಿ ಹೆಸರಾದಳು, ಅವಳ ದನಿ ಈಗಲೂ ಫೋನಿನಲ್ಲಿ ಸಿಗುತ್ತದೆ. ಆಯಿಯಂಥವರದು ಸಿಗುವುದಿಲ್ಲ. ಕೂತು ಕೇಳಿದಷ್ಟೇ.

ಹೋಗುವವರಿಗೆ ಕಡೆಯ ಮಾತು

ಎರಡು ರಾತ್ರಿ ಸಾಕು, ಮೂರನೆಯದಕ್ಕೆ ಮಕ್ಕಳು ಮನೆ ನೆನೆಯುತ್ತಾರೆ. ಪನ್ಹಾಳಾ ಕೋಟೆ, ಜ್ಯೋತಿಬಾ ಗುಡ್ಡ ಎರಡೂ ಚೆಂದ. ಆದರೆ ಏರು-ಇಳಿವು, ಗೆಳೆಯರ ಜೊತೆಗಿನ ಟ್ರಿಪ್ಪಿಗೆ ಇಟ್ಟುಕೊಳ್ಳಿ. ಥಿಯೇಟರಿಗೆ ಹೋಗುವ ಆಸೆಯಿದ್ದರೆ ಇಬ್ಬರು ಹಿಂದೆ ಉಳಿಯಿರಿ; ಮೂರು ವರ್ಷದ ಕೂಸಿನ ಕಿವಿಗೆ ಈಗಿನ ಸೌಂಡು ತಡೆಯುವುದಿಲ್ಲ. ಖರ್ಚಿನ ಚೀಟಿ ಒಬ್ಬರೇ ಬರೆಯಿರಿ, ಜಗಳ ಕಡಿಮೆ. ವಾಪಸು ಬರುವ ದಿನ ಯಾವ ಕಾರ್ಯಕ್ರಮವನ್ನೂ ಇಡಬೇಡಿ.

ಮತ್ತು ಮುಖ್ಯವಾದದ್ದು. ಗಾಂಧಿನಗರ ಎಲ್ಲಿಗೂ ಓಡಿಹೋಗುವುದಿಲ್ಲ, ನಿಮ್ಮ ಕಾಲಲ್ಲಿ ಇನ್ನೂ ಬಲವಿದೆ. ಇವತ್ತು ಈ ಪತ್ರಿಕೆ ಮಡಚಿ ಮನೆಗೆ ಹೋದ ಮೇಲೆ ನಿಮ್ಮ ಆಯಿಯನ್ನೋ ಮುತ್ತ್ಯಾನನ್ನೋ ಒಂದು ಮಾತು ಕೇಳಿ: "ಯಾವೂರು ನೋಡಬೇಕಂತ ಮಾಡೀ?" ಅವರು "ಈ ವಯಸ್ಸಿನ್ಯಾಗ ನನಗೆಲ್ಲೀ ಊರು" ಎಂದಾರು. ಅಲ್ಲಿಗೇ ಬಿಡಬೇಡಿ. ಎರಡನೆಯ ಸಲ ಕೇಳಿ. ಹೆಸರು ಹೊರಬಿದ್ದ ಕೂಡಲೇ ಕ್ಯಾಲೆಂಡರ್ ಕೆಳಗಿಳಿಸಿ!